‘ಅಡ್ಮಿಟ್ ಆಗೋ ಅಗತ್ಯ ಇರ್ಲಿಲ್ಲ’ ಅಂತ ಕ್ಲೇಮ್ ರಿಜೆಕ್ಟ್ ಆಯ್ತಾ? ಹೀಗೆ ಮಾಡಿ

ಹೋದ ಮಳೆಗಾಲದಲ್ಲಿ ನಮ್ಮತ್ತೆಗೆ ಡೆಂಗ್ಯೂ ಬಂದು ಮನೆ ಹತ್ರದ ಆಸ್ಪತ್ರೇಲಿ ನಾಲ್ಕು ದಿನ ಇದ್ರು, ದುಡ್ಡು ಕಟ್ಟಿ ಬಂದು ಕ್ಲೇಮ್ ಹಾಕಿದ್ರೆ ಇನ್ಶೂರೆನ್ಸ್‌ನೋರು ‘ಪೇಷೆಂಟ್ ಸ್ಟೇಬಲ್ ಇದ್ರು, ಅಡ್ಮಿಟ್ ಮಾಡ್ದೆ ಓಪಿಡಿಲೇ ನೋಡ್ಬಹುದಿತ್ತು’ ಅಂತ ಲೆಟರ್ ಕಳ್ಸಿದ್ರು. ಒಂದು ಲೋಟ ಗಂಜಿ ಹೊಟ್ಟೇಲಿ ನಿಲ್ದೆ ಒದ್ದಾಡಿದೋರಿಗೆ ಈ ಮಾತಂದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಸಿಟ್ಟಲ್ಲಿ ಮೇಲ್ ಬರೆದ್ರೆ ಕೆಲ್ಸ ಆಗಲ್ಲ, ಅವ್ರು ನೋಡೋದು ಪೇಪರ್ ಮಾತ್ರ.

ಮೊದಲು ಲೆಟರಲ್ಲಿ ಯಾವ ಷರತ್ತು ಹಾಕಿದ್ದಾರೆ ನೋಡಿ. ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಪಾಲಿಸಿಯ ಯಾವ ಷರತ್ತಿನ ಮೇಲೆ ರಿಜೆಕ್ಟ್ ಮಾಡ್ತಿದೀವಿ ಅಂತ ಅವ್ರು ಹೇಳ್ಲೇಬೇಕು, ಕಂಪನಿಯ ರಿವ್ಯೂ ಕಮಿಟಿ ಒಪ್ಪದೆ ರಿಜೆಕ್ಟ್ ಮಾಡೋ ಹಾಗೂ ಇಲ್ಲ. ಬರೀ ಟೆಸ್ಟ್‌ಗೆ ಅಡ್ಮಿಟ್ ಆಗಿದ್ದು ಅಂದಿದ್ರೆ ಏನೇನು ಟ್ರೀಟ್‌ಮೆಂಟ್ ಕೊಟ್ರು ಅಂತ ತೋರಿಸ್ಬೇಕು, ಅಗತ್ಯವೇ ಇರ್ಲಿಲ್ಲ ಅಂದಿದ್ರೆ ಮನೇಲಿಟ್ಕೊಂಡು ನೋಡೋಕೆ ಯಾಕೆ ಆಗ್ತಿರ್ಲಿಲ್ಲ ಅಂತ. 24 ಗಂಟೆ ಮೇಲೆ ಆಸ್ಪತ್ರೇಲಿ ಇದ್ವಿ ಅನ್ನೋದಷ್ಟೇ ಸಾಕಾಗಲ್ಲ.

ಆಮೇಲೆ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್‌ನಲ್ಲಿ ಪೂರ್ತಿ ಕೇಸ್ ಶೀಟ್ (ದಿನದಿನದ ಟ್ರೀಟ್‌ಮೆಂಟ್ ದಾಖಲೆ) ಕೇಳಿ ಬರ್ದು ಕೊಡಿ, ಕೇಳಿದ 72 ಗಂಟೆ ಒಳಗೆ ಕೊಡ್ಬೇಕು ಅಂತ ವೈದ್ಯರಿಗೆ ನಿಯಮ ಇದೆ. ನಾವು ಎಡವಿದ್ದು ಇಲ್ಲೇ, ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಕಳ್ಸಿದ್ವಿ, ಅದ್ರಲ್ಲಿ ‘ಸ್ಟೇಬಲ್’ ಅಂತ ಇದ್ದಿದ್ದು ಮನೆಗೆ ಕಳ್ಸೋ ದಿನದ ಸ್ಥಿತಿ! ಅಡ್ಮಿಟ್ ಆದ ರಾತ್ರಿಯ ಬಿಪಿ 90/60, ಎಷ್ಟು ಸಲ ವಾಂತಿ, ಎಷ್ಟು ಬಾಟ್ಲಿ ಡ್ರಿಪ್ ಎಲ್ಲಾ ನರ್ಸ್ ಚಾರ್ಟಲ್ಲಿತ್ತು.

ಆ ಚಾರ್ಟ್ ಹಿಡ್ಕೊಂಡು, ಟ್ರೀಟ್‌ಮೆಂಟ್ ಕೊಟ್ಟ ಡಾಕ್ಟರ್ ಹತ್ರ ಹೋಗಿ ಲೆಟರ್ ಬರೆಸಿ. ‘ತುಂಬಾ ಹುಷಾರಿರ್ಲಿಲ್ಲ’ ಅಂತ ಬರೆದ್ರೆ ಉಪಯೋಗ ಇಲ್ಲ, ಯಾವ ದಿನ ಏನಾಗ್ತಿತ್ತು, ಅದಕ್ಕೆ ಏನು ಕೊಟ್ರು, ಮಾತ್ರೆ ಕೊಟ್ಟು ಮನೆಗೆ ಕಳ್ಸಿದ್ರೆ ಏನು ಅಪಾಯ ಇತ್ತು ಅಂತ ಬರೀಬೇಕು. ಡೆಂಗ್ಯೂ ಆದ್ರೆ ಪ್ಲೇಟ್‌ಲೆಟ್ ಒಂದನ್ನೇ ಹಿಡ್ಕೋಬೇಡಿ, ಬಿಡದ ವಾಂತಿ, ಹೊಟ್ಟೆನೋವು, ರಕ್ತಸ್ರಾವ, ಏರ್ತಿರೋ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಇವೆಲ್ಲ ಎಚ್ಚರಿಕೆಯ ಲಕ್ಷಣಗಳು.

ಇಷ್ಟನ್ನೂ ಇನ್ಶೂರೆನ್ಸ್ ಕಂಪನಿಯ ಗ್ರೀವೆನ್ಸ್ (ದೂರು) ವಿಭಾಗಕ್ಕೆ ಮೇಲ್ ಮಾಡಿ ಕಂಪ್ಲೇಂಟ್ ನಂಬರ್ ಇಟ್ಕೊಳ್ಳಿ. ನಮ್ದು ಇಲ್ಲೇ ಪಾಸಾಯ್ತು. ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ, ಇಲ್ಲಾ ಬಂದ ಉತ್ತರ ಸರಿ ಇಲ್ದಿದ್ರೆ, ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿ ಇಂಥ ದೂರು ವಿಚಾರಿಸೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಆಫೀಸಿದೆ, ಫೀಸಿಲ್ಲ, ಲಾಯರ್ ಬೇಡ, 50 ಲಕ್ಷದವರೆಗಿನ ಕೇಸ್ ತಗೋತಾರೆ, ಆದ್ರೆ ಒಂದು ವರ್ಷದೊಳಗೆ ಹಾಕ್ಬೇಕು. ಅಲ್ಲಿ ಹಿಯರಿಂಗ್ ದಿನ ನರ್ಸ್ ಚಾರ್ಟಿನ ಆ ಮೊದಲ ರಾತ್ರಿಯ ಪುಟಕ್ಕೆ ಒಂದು ಚೀಟಿ ಅಂಟಿಸಿ ಕೈಲಿಟ್ಕೊಂಡಿರಿ.