ಒಲೆಗೆ 30, ಸಿಂಕಿಗೆ 34

ಅಡುಗೆಮನೆ ಒಡೆದ ಮೇಲೆ ಐದು ವಾರ ನಮ್ಮ ಒಲೆ ಹಿತ್ತಿಲ ಜಗಲಿಯಲ್ಲಿತ್ತು. ಧೂಳು ಬಾರದಿರಲೆಂದು ಬಾಗಿಲಿಗೆ ಒದ್ದೆ ಸೀರೆ ಕಟ್ಟಿದ್ದೆವು. ಆದರೂ ಸಾಸಿವೆ ಡಬ್ಬಿಯ ಮುಚ್ಚಳದ ಮೇಲೆ ದಿನವೂ ಸಿಮೆಂಟ್ ಪುಡಿ. ಅದನ್ನು ಸಹಿಸಿಕೊಳ್ಳಬಹುದಿತ್ತು. ನಿಜವಾದ ತಲೆನೋವು ಕಟ್ಟೆಯ ಎತ್ತರ. ಮೇಸ್ತ್ರಿ ಎಲ್ಲ ಕಡೆ 34 ಇಂಚು ಎಂದರು, ನಾನು ಒಪ್ಪಿಯೂ ಬಿಟ್ಟಿದ್ದೆ. ಅತ್ತೆಯವರು ಐದಡಿಗೂ ಕಡಿಮೆ. ಹಳೆಯ ಕಟ್ಟೆಯಲ್ಲೇ ಮುದ್ದೆ ತಿರುವಲು ತುದಿಗಾಲಲ್ಲಿ ನಿಲ್ಲುತ್ತಿದ್ದರು.

ಗ್ರಾನೈಟ್ ಕತ್ತರಿಸುವ ಮುನ್ನ ಜಗಲಿಯಲ್ಲಿ ಇಟ್ಟಿಗೆ ಪೇರಿಸಿ, ಹಲಗೆ ಹಾಕಿ, ಅದರ ಮೇಲೆ ಒಲೆ ಇಟ್ಟು ಅಡುಗೆ ಮಾಡಿ ನೋಡಿದೆವು. ಒಂದು ವರಸೆ ಇಟ್ಟಿಗೆ ತೆಗೆದಾಗ ಅತ್ತೆ, "ನೋಡಮ್ಮ, ಈಗ ಪಾತ್ರೆಯ ತಳ ಕಾಣುತ್ತದೆ" ಎಂದರು. ಅಳೆದರೆ 30 ಇಂಚು. ಒಲೆ, ಪಾತ್ರೆಗಳ ಎತ್ತರವೂ ಸೇರುವುದರಿಂದ ಅಲ್ಲಿ ಕಟ್ಟೆ ತಗ್ಗಿರಬೇಕು. ಸಿಂಕಿನಲ್ಲಿ ಕೈ 8 ಇಂಚು ಕೆಳಗಿಳಿಯುತ್ತದೆ, ಅಲ್ಲಿ ಎತ್ತರವೇ ಬೇಕು. ಇಲ್ಲದಿದ್ದರೆ ಪಾತ್ರೆ ತೊಳೆಯುವ ನನ್ನ ಸೊಂಟ ಉಳಿಯುವುದಿಲ್ಲ.

ಮೆಟ್ಟಿಲಿನಂತೆ ಕಾಣುತ್ತದೆ ಎಂದು ಮೇಸ್ತ್ರಿ ಬೇಸರಪಟ್ಟರು. ಕಾಣಲಿ. ಮುದ್ದೆ ತಿರುವುವಾಗ ಈಗ ಅತ್ತೆಯವರ ಹಿಮ್ಮಡಿ ನೆಲದ ಮೇಲಿರುತ್ತದೆ.