ಜ್ವರ ಇರುವ ಮಗು ಮನೆಯಲ್ಲಿರಲಿ: ಒಬ್ಬ ಟೀಚರ್ ಅನುಭವ

ಶಾಲೆಯಲ್ಲಿ ಫ್ಲೂ ತಡೆಯುವುದು ಅಂದ ಕೂಡಲೇ ಎಲ್ಲರೂ ಕೈ ತೊಳೆಯುವ ಮಾತು ಎತ್ತುತ್ತಾರೆ. ಅದು ಬೇಕೇ ಬೇಕು. ಆದರೆ ನನ್ನ ತರಗತಿಯಲ್ಲಿ ಜಾಸ್ತಿ ಫಲ ಕೊಟ್ಟಿದ್ದು ಬೇರೆ ಕೆಲಸ. ಜ್ವರ ಬಂದ ಮಗು ಮನೆಯಲ್ಲೇ ಉಳಿಯುವಂತೆ ಮಾಡಿದ್ದು.

ಜ್ವರ ಇದ್ದರೂ ಮಕ್ಕಳು ಶಾಲೆಗೆ ಯಾಕೆ ಬರುತ್ತಾರೆ? ಪಾಠ ತಪ್ಪುತ್ತದೆ ಎಂಬ ಭಯ. ಪೂರ್ತಿ ಹಾಜರಿಗೆ ಕೊಡುವ ಬಹುಮಾನದ ಆಸೆ. ಅಪ್ಪ ಅಮ್ಮನಿಗೆ ರಜೆ ಸಿಗದ ಕಷ್ಟ. ಬೆಳಿಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸುತ್ತಾರೆ. ಅದರ ಕೆಲಸ 4ರಿಂದ 6 ಗಂಟೆ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮಗು ಡೆಸ್ಕಿನ ಮೇಲೆ ತಲೆ ಇಟ್ಟಿರುತ್ತದೆ. ಅಷ್ಟರಲ್ಲಿ ಪಕ್ಕದವರಿಗೆಲ್ಲ ವೈರಸ್ ಹಂಚಿ ಆಗಿರುತ್ತದೆ, ಅಲ್ವಾ?

ಹಾಗಾಗಿ ನಾನು ಆ ಭಯಕ್ಕೇ ಕೈ ಹಾಕಿದೆ. ಹಾಜರಿ ಬಹುಮಾನ ನಿಲ್ಲಿಸಿ ಎಂದು ಮುಖ್ಯ ಶಿಕ್ಷಕರನ್ನು ಕೇಳಿದೆ, ಒಪ್ಪಿದರು. ಗೈರಾದ ಮಗುವಿನ ಮನೆಗೆ ಆ ದಿನದ ಪಾಠವನ್ನು ಒಂದೇ ಪುಟದಲ್ಲಿ ಬರೆದು ಫೋಟೋ ಕಳಿಸತೊಡಗಿದೆ. ಫ್ಲೂ ಕಾಲ ಶುರುವಾಗುವ ಮೊದಲೇ ಪೋಷಕರ ಸಭೆಯಲ್ಲಿ ಒಂದು ನಿಯಮ ಹೇಳಿದೆ: ಔಷಧಿ ಇಲ್ಲದೆ ಜ್ವರ ಇಳಿದು 24 ಗಂಟೆ ಕಳೆದ ಮೇಲೆ, ಮಗು ಗೆಲುವಾಗಿದ್ದರೆ ಕಳಿಸಿ. ನಡುವೆ ಜ್ವರ ಬಂದರೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಎಂದೂ ಆಗಲೇ ಬರೆಸಿಕೊಂಡೆ. ಸಿರಪ್ ಕುಡಿಸಿ ಕಳಿಸುತ್ತಿದ್ದ ಪೋಷಕರೇ ಆಮೇಲೆ ಫೋನ್ ಮಾಡಿ ಇವತ್ತು ಬೇಡ ಟೀಚರ್ ಅನ್ನತೊಡಗಿದರು.

ಇದೊಂದೇ ಸಾಲದು. ಲಕ್ಷಣ ಕಾಣುವ ಒಂದು ದಿನ ಮೊದಲೇ ಫ್ಲೂ ಹರಡಲು ಶುರುವಾಗುತ್ತದೆ. ಅದಕ್ಕೇ ತರಗತಿಯ ಕಿಟಕಿಗಳನ್ನು ಇಡೀ ದಿನ ತೆರೆದಿಡುತ್ತೇನೆ. ಕೆಮ್ಮು ಬಂದರೆ ಮೊಣಕೈಗೆ ಕೆಮ್ಮಲು ದಿನಾ ನೆನಪಿಸುತ್ತೇನೆ. ಕೈ ತೊಳೆಯುವುದನ್ನು ಸುಮ್ನೆ ಹೇಳಿದರೆ ಚಿಕ್ಕವರಿಗೆ ಹತ್ತುವುದಿಲ್ಲ. ಒಬ್ಬರ ಅಂಗೈಗೆ ಬಣ್ಣದ ಚಾಕ್ ಪುಡಿ ಹಚ್ಚಿ ಆಡಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಬಾಗಿಲ ಹಿಡಿ, ಪೆನ್ಸಿಲ್, ಗೆಳೆಯರ ಕೆನ್ನೆ ಎಲ್ಲ ಕಡೆ ಬಣ್ಣ. ಆಮೇಲೆ ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ಎಂದು ಹೇಳಬೇಕಾಗಲಿಲ್ಲ, ಅವರೇ ಎಣಿಸಿದರು. ಹೆಬ್ಬೆರಳು ಮತ್ತು ಉಗುರಿನ ಸಂದಿ ಮಾತ್ರ ಇವತ್ತಿಗೂ ಮರೆಯುತ್ತಾರೆ.

ಲಸಿಕೆ ಬಗ್ಗೆಯೂ ಪೋಷಕರಿಗೆ ತಪ್ಪದೆ ಹೇಳುತ್ತೇನೆ. ವೈರಸ್ ಬದಲಾಗುತ್ತಲೇ ಇರುವುದರಿಂದ ಇದನ್ನು ಪ್ರತಿ ವರ್ಷ ಹಾಕಿಸಬೇಕು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ಸಾಮಾನ್ಯವಾಗಿ ಕನಿಷ್ಠ 4 ವಾರದ ಅಂತರದಲ್ಲಿ 2 ಡೋಸ್ ಕೊಡುತ್ತಾರೆ. ರಕ್ಷಣೆ ಬರಲು ಸುಮಾರು 2 ವಾರ ಬೇಕು, ಹಾಗಾಗಿ ಬೇಗ ವೈದ್ಯರನ್ನು ಕೇಳಿ. ಆಸ್ತಮಾ ಇರುವ ಮಕ್ಕಳಂತೂ ತಪ್ಪಿಸಲೇಬಾರದು. ಇನ್ನೊಂದು ಮಾತು, ಫ್ಲೂ ಬಂದ ಮಗುವಿಗೆ ನೀವಾಗಿಯೇ ಆಸ್ಪಿರಿನ್ ಕೊಡಬೇಡಿ. ಉಸಿರು ಜೋರಾದರೆ ಅಥವಾ ಮಗು ನೀರೇ ಕುಡಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಜ್ವರ ಬಿಟ್ಟ ಮೇಲೂ ಕೆಮ್ಮು ಒಂದೆರಡು ವಾರ ಉಳಿಯಬಹುದು. ಅಂಥ ಮಗುವನ್ನು ನಾನು ಬೇರೆ ಕೂರಿಸುವುದಿಲ್ಲ. ಕಿಟಕಿ ಪಕ್ಕದ ಜಾಗ ಕೊಟ್ಟು, ಬಿಟ್ಟುಹೋದ ಲೆಕ್ಕ ಹೇಳಿಕೊಡಲು ಒಬ್ಬ ಗೆಳೆಯನನ್ನು ಗೊತ್ತು ಮಾಡುತ್ತೇನೆ.