ಒಂದು ಕಂಪ್ಯೂಟರಿಗೆ ಎರಡು ಪ್ರೊಸೆಸರ್: ಜೋಡಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟಗಳನ್ನು ಚಿತ್ರೀಕರಿಸಿ ವಿಡಿಯೊ ಮಾಡಿಕೊಡುವ ಗೆಳೆಯರು, ಇದ್ದ ಕಂಪ್ಯೂಟರಿಗೇ ಇನ್ನೊಂದು ಪ್ರೊಸೆಸರ್ (ಲೆಕ್ಕಾಚಾರವನ್ನೆಲ್ಲ ಮಾಡುವ ಮುಖ್ಯ ಚಿಪ್) ಹಾಕಿಸಬಹುದೇ ಎಂದು ಆಗಾಗ ಕೇಳುತ್ತಾರೆ. ಮನೆಬಳಕೆಯ ಮದರ್‌ಬೋರ್ಡಿನಲ್ಲಿ, ಅಂದರೆ ಭಾಗಗಳನ್ನೆಲ್ಲ ಕೂಡಿಸುವ ಮುಖ್ಯ ಹಲಗೆಯಲ್ಲಿ, ಪ್ರೊಸೆಸರ್ ಕೂರಿಸುವ ಸಾಕೆಟ್ ಒಂದೇ ಇರುವುದರಿಂದ ಅದು ಆಗದು. ಎರಡು ಸಾಕೆಟ್‌ಗಳ ಬೋರ್ಡನ್ನೋ, ಅಂಥ ಬೋರ್ಡಿರುವ ಹಳೆಯ ವರ್ಕ್‌ಸ್ಟೇಷನ್ನನ್ನೋ (ಭಾರೀ ಕೆಲಸದ ಕಂಪ್ಯೂಟರ್) ಕೊಳ್ಳಬೇಕು.

ಅದಕ್ಕೂ ಮೊದಲು ನಿಮ್ಮ ಕೆಲಸ ಹಂಚಿಕೊಂಡು ಮಾಡುವಂಥದ್ದೇ ಎಂದು ನೋಡಿಕೊಳ್ಳಿ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ತೋರಿಸಿಕೊಟ್ಟ ಲೆಕ್ಕದಂತೆ, ಕೆಲಸದ ಅರ್ಧಭಾಗ ಒಂದರ ನಂತರ ಒಂದಾಗಿಯೇ ನಡೆಯಬೇಕಾದದ್ದಾದರೆ, ಎಷ್ಟು ಪ್ರೊಸೆಸರ್ ಇಟ್ಟರೂ ವೇಗ ಎರಡು ಪಟ್ಟನ್ನು ಮೀರುವುದಿಲ್ಲ. ವಿಡಿಯೊ ರೆಂಡರಿಂಗ್ (ಸಂಕಲನ ಮುಗಿದ ವಿಡಿಯೊವನ್ನು ಅಂತಿಮ ಫೈಲಾಗಿ ಹೊರತೆಗೆಯುವ ಕೆಲಸ) ಚೆನ್ನಾಗಿ ಹಂಚಿಕೆಯಾಗುತ್ತದೆ. ಪತ್ರ ಟೈಪು ಮಾಡುವವರಿಗೆ ಈ ಖರ್ಚು ಬೇಡವೇ ಬೇಡ.

ಪ್ರೊಸೆಸರ್‌ಗಳು ಒಂದೇ ಮಾದರಿಯವಾಗಿರಬೇಕು. ಸರ್ವರ್, ವರ್ಕ್‌ಸ್ಟೇಷನ್‌ಗಳಿಗೆಂದೇ ಮಾಡಿದ ಇಂಟೆಲ್ ಜಿಯಾನ್ ಇ5 ಪ್ರೊಸೆಸರುಗಳಲ್ಲಿ 2600 ಸರಣಿಯವು ಜೋಡಿಯಾಗಿ ಕೆಲಸ ಮಾಡುತ್ತವೆ, 1600 ಸರಣಿಯವು ಮಾಡುವುದಿಲ್ಲ. ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೆ ಅಚ್ಚಾಗಿರುವ ‘ಎಸ್‌ಆರ್’ ಎಂದು ಆರಂಭವಾಗುವ ಸಂಕೇತವೂ ಎರಡರಲ್ಲಿ ಒಂದೇ ಆಗಿರಲಿ. ಪವರ್ ಸಪ್ಲೈಯಲ್ಲಿ ಎಂಟು ಪಿನ್ನಿನ 12 ವೋಲ್ಟ್ ಕನೆಕ್ಟರ್ ಎರಡಿರಬೇಕು.

ಜೋಡಿಸುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸಾಕೆಟ್ಟಿನಲ್ಲಿ. ಈ ಪ್ರೊಸೆಸರುಗಳು ಕೂರುವ ಎಲ್‌ಜಿಎ 2011 ಎಂಬ ಸಾಕೆಟ್ಟಿನಲ್ಲಿ ಕೂದಲಿನಷ್ಟು ನವುರಾದ 2011 ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ. ನಾನೊಮ್ಮೆ ಅವಸರದಲ್ಲಿ ಅಂಗಿಯ ತೋಳು ತಾಗಿಸಿ ಒಂದು ಪಿನ್ನು ಬಾಗಿಸಿದ್ದೆ. ಯಂತ್ರ ಚಾಲೂ ಆದರೂ ಒಂದು ಮೆಮೊರಿ ಪಟ್ಟಿ ಕಾಣಿಸಲಿಲ್ಲ. ಭೂತಗನ್ನಡಿ ಹಿಡಿದು, ಸೂಜಿಯ ಮೊನೆಯಿಂದ ಆ ಪಿನ್ನನ್ನು ನೆಟ್ಟಗಾಗಿಸುವುದಕ್ಕೆ ಒಂದು ಸಂಜೆಯೇ ಹಿಡಿಯಿತು. ಆದ್ದರಿಂದ ವಿದ್ಯುತ್ ತಂತಿ ಕಿತ್ತು, ಮೈಯ ಸ್ಥಿರವಿದ್ಯುತ್ ಹೋಗಲೆಂದು ಪೆಟ್ಟಿಗೆಯ ಲೋಹ ಮುಟ್ಟಿ, ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ ಮೇಲಿನಿಂದ ನೇರವಾಗಿ ಇಳಿಸಿರಿ. ಅದರ ಮೇಲೆ ಹೆಸರುಕಾಳಿನಷ್ಟು ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಇಟ್ಟು, ಕೂಲರಿನ ತಿರುಪುಗಳನ್ನು ಎದುರು ಬದುರು ಮೂಲೆಗಳಿಂದ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸಿರಿ.

ಪ್ರತಿಯೊಂದು ಪ್ರೊಸೆಸರಿಗೂ ಅದರದೇ ಮೆಮೊರಿ ಸ್ಲಾಟುಗಳಿರುವುದರಿಂದ ಪಟ್ಟಿಗಳನ್ನು ಎರಡೂ ಬದಿಗೆ ಸಮನಾಗಿ ಹಂಚಬೇಕು. ಎಲ್ಲವನ್ನೂ ಒಂದೇ ಕಡೆ ತುಂಬಿದರೆ, ಇನ್ನೊಂದು ಪ್ರೊಸೆಸರ್ ಪ್ರತಿ ಸಲವೂ ನೆರೆಮನೆಯ ಬಾವಿಗೆ ನೀರಿಗೆ ಹೋದಂತಾಗುತ್ತದೆ.

ವಿಂಡೋಸ್ 10ರ ಹೋಮ್ ಆವೃತ್ತಿ ಒಂದೇ ಸಾಕೆಟ್ಟನ್ನು ಬಳಸುತ್ತದೆ. ಎರಡಕ್ಕೆ ಪ್ರೊ ಆವೃತ್ತಿ ಬೇಕು. ಲಿನಕ್ಸಿಗೆ 1996ರ 2.0 ಆವೃತ್ತಿಯಿಂದಲೇ ಈ ಸಾಮರ್ಥ್ಯವಿದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಸಾಕೆಟ್‌ಗಳ ಸಂಖ್ಯೆ 2 ಎಂದು ಕಂಡರೆ ಜೋಡಣೆ ಸರಿಯಾಗಿದೆ ಎಂದರ್ಥ.

ಬಳಿಕ, ಹಳೆಯ ಯಂತ್ರದಲ್ಲಿ ಮಾಡಿದ್ದ ಅದೇ ಬಯಲಾಟದ ವಿಡಿಯೊವನ್ನು ಇದರಲ್ಲಿಯೂ ರೆಂಡರ್ ಮಾಡಿ, ಸಮಯವನ್ನೂ ಎರಡೂ ಪ್ರೊಸೆಸರುಗಳ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲು ಜೋರಾದುದರಿಂದ, ಗುಡುಗು ಕೇಳಿದೊಡನೆ ವಿದ್ಯುತ್ ತಂತಿಯ ಜೊತೆಗೆ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಿ.